ಪಾಡ್ಯದವರೆಗೆ ಹಳೆಯ ಅಧಿವೇಶನ

ನಮ್ಮ ಮಾವ ಅಂದಾನೆಪ್ಪನವರು ಬೈಲಹೊಂಗಲದ ಪೇಟೆಯಲ್ಲಿ ರೈತರ ಕಾಳನ್ನು ದಲಾಲಿಗೆ ಮಾರಿಕೊಡುವ ಅಡತಿ ಅಂಗಡಿ ಇಟ್ಟವರು. ಹಟದಲ್ಲಿ ಅವರನ್ನು ಮೀರಿಸುವವರು ಆ ಸಾಲಿನಲ್ಲಿ ಇರಲಿಲ್ಲ. ಹೊಸ ಲೆಕ್ಕದ ಪುಸ್ತಕವನ್ನು ದೀಪಾವಳಿ ಪಾಡ್ಯದ ಪೂಜೆ ಆಗದೆ ತೆರೆಯುವುದಿಲ್ಲ ಎಂದರೆ ಒಪ್ಪೋಣ. ಆದರೆ ಎರಡು ಸಾವಿರದ ಐದರ ಸುಮಾರಿಗೆ ಅಂಗಡಿಗೆ ಕಂಪ್ಯೂಟರ್ ಬಂದಾಗ ಅದಕ್ಕೂ ಅದೇ ನೇಮ ಹಾಕಿಬಿಟ್ಟರು.

ಆ ಕಂಪ್ಯೂಟರಿನಲ್ಲಿ ನಾವು ಒಂದು ಮಸೂದೆಯ ಬೆನ್ನು ಹತ್ತಿದ್ದೆವು. ಪೇಟೆಯ ಅಂಗಳದಲ್ಲಿ ಚೀಲ ಬಿಚ್ಚಿ ತೂಗುವಾಗ ನೆಲಕ್ಕೆ ಉದುರುವ ಕಾಳು ಕಸ ಗುಡಿಸುವ ಹೆಂಗಸರದು. ಅವರಿಗೆ ಬೇರೆ ಕೂಲಿ ಇಲ್ಲ. ಹೊಸ ಮಸೂದೆಯ ಒಂದು ಕಲಮು, ಉದುರಿದ ಕಾಳೂ ಪೇಟೆ ಸಮಿತಿಯದೇ, ಒಯ್ದರೆ ಕಳವು ಎನ್ನುತ್ತಿತ್ತು. ನಮ್ಮ ಅಂಗಡಿಯ ಮುಂದೆ ಗುಡಿಸುವ ಶಟ್ಟೆವ್ವನ ಮನೆಯಲ್ಲಿ ಒಲೆ ಉರಿಯುತ್ತಿದ್ದದ್ದೇ ಆ ಕಾಳಿನಿಂದ. ಚರ್ಚೆಯ ಹೊತ್ತಿಗೆ ವರ್ತಕರ ತಕರಾರು ಕೈಯಲ್ಲಿದ್ದರೆ ಆ ಕಲಮನ್ನು ಬಿಡಿಸಲು ನೋಡುತ್ತೇನೆ ಎಂದು ಮೇಲ್ಮನೆಯ ಸದಸ್ಯರೊಬ್ಬರು ಮಾತು ಕೊಟ್ಟಿದ್ದರು. ಮಸೂದೆ ಯಾವಾಗ ಬರುತ್ತದೆ ಎಂಬುದರ ಮೇಲೆ ಕಣ್ಣಿಡಬೇಕಾದವರು ನಾವು.

ಬೆಂಗಳೂರಿನ ಸಂಸ್ಥೆಯೊಂದು ಇಂಟರ್ನೆಟ್ಟಿನಲ್ಲಿ ಮಸೂದೆಗಳ ಸುದ್ದಿ ಕೊಡುತ್ತಿತ್ತು. ಅಧಿವೇಶನ ಯಾವುದು, ವಿಷಯ ಯಾವುದು ಎಂದು ತುಂಬಿಟ್ಟರೆ ದಿನಾ ಬೆಳಿಗ್ಗೆ ಮಸೂದೆ ಎಲ್ಲಿಗೆ ಬಂತೆಂದು ತೋರಿಸುತ್ತಿತ್ತು. ಅಧಿವೇಶನ ಬದಲಾದರೆ ತುಂಬಿಟ್ಟದ್ದನ್ನೂ ಬದಲಿಸಬೇಕು, ಇಲ್ಲದಿದ್ದರೆ ಹಳೆಯ ಸುದ್ದಿಯೇ ಕಾಣುತ್ತಿರುತ್ತದೆ. ಅವ್ವನ ಕಣ್ಣಿನ ಆಪರೇಶನ್ನಿಗೆಂದು ರಾಮದುರ್ಗದ ತವರಿಗೆ ಹೊರಟಾಗ ಮಾವನವರಿಗೆ ಇದನ್ನು ಬಿಡಿಸಿ ಹೇಳಿ, ಎಲ್ಲಿ ಒತ್ತಬೇಕೆಂದೂ ತೋರಿಸಿ ಹೋಗಿದ್ದೆ.

ತಿರುಗಿ ಬಂದ ದಿನ ಬಸ್ಸಿಳಿದು ನೇರ ಅಂಗಡಿಗೇ ಹೋದೆ. ಮಾವನವರು ಕನ್ನಡಕ ಏರಿಸಿ ಪರದೆ ನೋಡಿ, ಮೆಟ್ಟಿಲ ಕೆಳಗೆ ನಿಂತಿದ್ದ ಶಟ್ಟೆವ್ವನಿಗೆ "ಇನ್ನೂ ಬಾಕಿ ಐತಿ" ಎಂದರು. ದಿನಾ ಹೇಳುತ್ತಿದ್ದುದೂ ಅದನ್ನೇ. ಆಕೆ ನಿಶ್ಚಿಂತೆಯಿಂದ ಕಸಬರಿಗೆ ಎತ್ತಿಕೊಂಡು ಹೋದಳು. ನಾನು ಪರದೆಯ ಮೇಲ್ಗಡೆ ನೋಡಿದೆ. ಹಳೆಯ ಅಧಿವೇಶನವೇ ಇತ್ತು.

ಹೊಸದು ಸೋಮವಾರವೇ ಶುರುವಾಗಿದೆಯಲ್ಲ ಎಂದು ಕೇಳಿದೆ. ಪಾಡ್ಯ ಹತ್ತಿರ ಬಂತು, ಪೂಜೆ ಮಾಡಿ ಹೊಸದನ್ನು ತೆರೆದರಾಯಿತು ಎಂದರು, ಅದೂ ತಿಳಿಯದವಳಿಗೆ ತಿಳಿಸಿ ಹೇಳುವ ದನಿಯಲ್ಲಿ. ನನಗೆ ಮೈಯೆಲ್ಲ ಉರಿಯಿತು.

"ಮಾವಾರ, ವಿಧಾನಸೌಧದಾಗ ನಿಮ್ಮ ಪಾಡ್ಯಾ ಯಾರೂ ಕಾಯಂಗಿಲ್ಲ. ಏಳ್ರಿ."

ಎದ್ದರು. ಹೊಸ ಅಧಿವೇಶನ ತುಂಬಿದೆ. ಫೋನಿನ ತಂತಿಯ ಇಂಟರ್ನೆಟ್ಟು ಕಡಿಯಿತು, ಮತ್ತೆ ಹಚ್ಚಿದೆ, ಮತ್ತೆ ಕಡಿಯಿತು. ಕೊನೆಗೆ ಪುಟ ತೆರೆಯಿತು. ಕೆಳಮನೆಯಲ್ಲಿ ನಿನ್ನೆಯೇ ಅಂಗೀಕಾರ, ಮೇಲ್ಮನೆಯಲ್ಲಿ ಇವತ್ತು ಚರ್ಚೆ.

ಸದಸ್ಯರ ಸಹಾಯಕ ನಿಂಗರಾಜನಿಗೆ ಫೋನು ಮಾಡಿದೆ. ಸಾಹೇಬರು ಒಳಗೆ ಕುಳಿತಿದ್ದಾರೆ, ತಕರಾರನ್ನು ಈಗಲೇ ಫ್ಯಾಕ್ಸ್ ಮಾಡಿದರೆ ಒಳಗೆ ಮುಟ್ಟಿಸುತ್ತೇನೆ ಎಂದ. ಉದುರಿದ ಕಾಳನ್ನು ನಾವೇ ಒಪ್ಪಿ ಈ ಹೆಂಗಸರಿಗೆ ಬಿಡುತ್ತ ಬಂದಿದ್ದೇವೆ ಎಂದು ಗೀಚಿದೆ. ಮಾವನವರು ಸಹಿ ಹಾಕಿದರು. ಅಷ್ಟರಲ್ಲಿ ಕರೆಂಟು ಹೋಯಿತು. ಬಸ್ ಸ್ಟ್ಯಾಂಡಿನ ಹತ್ತಿರ ಜನರೇಟರ್ ಇದ್ದ ಫ್ಯಾಕ್ಸ್ ಅಂಗಡಿಗೆ ಓಡಿದೆ. ಮಾವನವರೂ ಧೋತರ ಎತ್ತಿ ಹಿಡಿದು ಹಿಂದೆಯೇ ಓಡಿ ಬಂದರು. ಆ ವಯಸ್ಸಿನಲ್ಲಿ ಅವರು ಓಡಿದ್ದನ್ನು ಪೇಟೆಯ ಮಂದಿ ಎದ್ದು ನಿಂತು ನೋಡಿದರು. ಕಾಗದ ಯಂತ್ರದೊಳಗೆ ಅರ್ಧ ಹೋಗಿ ನಿಂತಿತು. ಎಳೆದು ಮತ್ತೆ ಹಾಕಿದೆವು. ಈ ಸಲ ಹೋಯಿತು.

ನಿಂಗರಾಜ ಬಹಳ ಹೊತ್ತು ಫೋನು ಎತ್ತಲಿಲ್ಲ. ಎತ್ತಿದವನು, ಫ್ಯಾಕ್ಸ್ ಹಿಡಿದು ಸದನದ ಬಾಗಿಲಿಗೆ ಹೋಗುವಷ್ಟರಲ್ಲಿ ಮಸೂದೆ ಪಾಸಾಗಿತ್ತು ಎಂದ. ಕೈಯಲ್ಲಿ ಕಾಗದವಿಲ್ಲದೆ ಸಾಹೇಬರು ಏನೆಂದು ಎದ್ದು ನಿಲ್ಲಬೇಕಿತ್ತು ಎಂದು ನನ್ನನ್ನೇ ಕೇಳಿದ.

ಶಟ್ಟೆವ್ವನಿಗೆ ನಾನೇ ಹೇಳುತ್ತೇನೆ ಎಂದು ಹೊರಟೆ. ಮಾವನವರು ನನ್ನನ್ನು ತಡೆದು ತಾವೇ ಅಂಗಳಕ್ಕೆ ಇಳಿದರು. ಆಕೆ ಹೆಸರುಕಾಳು ಗುಡಿಸುತ್ತಿದ್ದಳು. ಪಾಡ್ಯಕ್ಕಾಗಿ ಕಾದು ಕುಳಿತದ್ದನ್ನೂ ಮುಚ್ಚಿಡದೆ ಎಲ್ಲವನ್ನೂ ಹೇಳಿದರು. ರಾಜ್ಯಪಾಲರ ಸಹಿ ಬಿದ್ದು ಕಾಯ್ದೆ ಜಾರಿಯಾಗುವವರೆಗೆ ಕಾಳು ಒಯ್ಯಲು ಅಡ್ಡಿಯಿಲ್ಲ ಎಂದು ನಾನು ನಡುವೆ ಬಾಯಿ ಹಾಕಿದೆ. ಎಷ್ಟು ದಿನದ ಮಾತು ಅದು, ಹೇಳುವಾಗ ನನಗೇ ನಾಚಿಕೆಯಾಯಿತು.

ಶಟ್ಟೆವ್ವ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಗುಡಿಸಿದ ಕಾಳನ್ನೆಲ್ಲ ಮೊರಕ್ಕೆ ತುಂಬಿ, ಕಲ್ಲು ಆರಿಸಿ, ಮೊರವನ್ನು ಮಾವನವರ ಕೈಗೆ ಕೊಟ್ಟಳು.

"ಮುನವಳ್ಳ್ಯಾಗ ನನ್ನ ಮಗಳು ನನಗ ಸಾಲಿ ಹುಡುಗರ ಅಡಗಿ ಮಾಡೂ ಕೆಲಸಾ ನೋಡಿದ್ಳರಿ ಸಾವ್ಕಾರ್ರ. ನೀವು ದಿನಾ ಬಾಕಿ ಐತಿ ಅಂದ್ರಿ. ಅದನ್ನ ನಂಬಿ ಮೊನ್ನೆ ಬ್ಯಾಡಂತ ಹೇಳಿ ಬಂದೇನ್ರಿ."

ಕಸಬರಿಗೆಯನ್ನು ಗೋಡೆಗೆ ಆನಿಸಿಟ್ಟು ಹೊರಟುಹೋದಳು. ಮಾವನವರು ಮೊರ ಹಿಡಿದುಕೊಂಡು ಬಿಸಿಲಲ್ಲೇ ನಿಂತಿದ್ದರು.