ಮೈದುನನ ಮನೆಯ ನೀರು

ಹೊಸ ಕಟ್ಟಡ ನಿಯಮ ಬರೆದವರಲ್ಲಿ ಸೊಸೆಯೂ ಒಬ್ಬಳು ಎಂದು ಗಂಡನ ಮನೆಯವರು ಮೊದಮೊದಲು ಬೀಗಿದ್ದರು. ಪುರಸಭೆಯ ಚರಂಡಿ ವಿಭಾಗದಲ್ಲಿ ಅವಳು ಇಂಜಿನಿಯರ್. ಈಚಿನ ಮಳೆ ಒಂದೇ ಮಧ್ಯಾಹ್ನದಲ್ಲಿ ಬೀದಿಯನ್ನು ಹೊಳೆ ಮಾಡಿಬಿಡುತ್ತಿತ್ತು. ಹಳೆಯ ನಿಯಮ ಅದಕ್ಕೆ ಸಾಲುತ್ತಿರಲಿಲ್ಲ. ಹೊಸದು ಎರಡು ಮಾತು ಹೇಳಿತು. ಮನೆಯ ನೆಲ ರಸ್ತೆಗಿಂತ ಸೊಂಟದೆತ್ತರ ಮೇಲಿರಬೇಕು. ಚಾವಣಿಯ ನೀರು ಅವರವರ ಜಾಗದ ಗುಂಡಿಯಲ್ಲೇ ಇಂಗಬೇಕು.

ಪಕ್ಕದ ಖಾಲಿ ಜಾಗದಲ್ಲಿ ಮನೆ ಕಟ್ಟಿಸಿದ ಮೈದುನ ಮೊದಲ ಮಾತನ್ನು ಕಣ್ಣಿಗೊತ್ತಿಕೊಂಡು ಪಾಲಿಸಿದ. ಲಾರಿಗಟ್ಟಲೆ ಮಣ್ಣು ಸುರಿಸಿ ನೆಲ ಏರಿಸಿದ. ಗುಂಡಿಯನ್ನೂ ತೋಡಿಸಿ ಪರಿಶೀಲನೆಗೆ ಬಂದವರಿಗೆ ತೋರಿಸಿದ. ಅವರು ಬೆನ್ನು ತಿರುಗಿಸಿದ್ದೇ ತಡ, ಅದಕ್ಕೆ ಕಲ್ಲುಮಣ್ಣು ತುಂಬಿಸಿ, ಸಿಮೆಂಟು ಹಾಕಿಸಿ, ಮೇಲೆ ಕಾರು ನಿಲ್ಲಿಸಿದ.

ಮೊದಲ ದೊಡ್ಡ ಮಳೆಗೆ ಅವನ ಚಾವಣಿಯ ನೀರೆಲ್ಲ ಗೋಡೆಯ ಬುಡದಿಂದ ನುಗ್ಗಿ ಇವರ ಹಳೆಯ ಮನೆಗೆ ಬಂತು. ಅತ್ತೆಯ ಕೋಣೆಯಲ್ಲಿ ಮಂಚದ ಕಾಲುಗಳು ಮುಳುಗಿದವು. ನೀರು ಎತ್ತಿಹಾಕುತ್ತಿದ್ದ ಸೊಸೆ ಬಕೆಟ್ಟು ಕೆಳಗಿಟ್ಟು, ಸೀರೆ ಎತ್ತಿ ಕಟ್ಟಿಕೊಂಡೇ ಪಕ್ಕದ ಮನೆಯ ಮೆಟ್ಟಿಲು ಹತ್ತಿದಳು.

"ನಿಮ್ಮಮ್ಮನ ಮಂಚದ ಕೆಳಗೆ ನಿನ್ನ ನೀರು ನಿಂತಿದೆ. ಗುಂಡಿ ಎಲ್ಲಿ?"

ಮೈದುನ ಸೋಫಾ ಬಿಟ್ಟು ಏಳಲಿಲ್ಲ. "ನೆಲ ಏರಿಸಿ ಅಂತ ಬರೆದವರು ನೀವೇ ಅಲ್ವಾ ಅತ್ತಿಗೆ? ಏರಿಸಿದೀನಿ. ನೀರು ತಗ್ಗಿಗೆ ಹೋಗುತ್ತೆ. ಅದಕ್ಕೂ ನಾನೇ ಹೊಣೆನಾ?"

"ಅರ್ಧ ಓದಿ ಮಡಚಿಟ್ಟಿದೀಯ."

"ನೀವು ಇಂಜಿನಿಯರಾಗಿರೋದು ಆಫೀಸಲ್ಲಿ. ಇಲ್ಲಿ ಈ ಮನೆ ಸೊಸೆ. ನೋಡ್ಕೊಂಡು ಮಾತಾಡಿ."

ಓರಗಿತ್ತಿ ಕೂರಿ ಎನ್ನಲಿಲ್ಲ. ಒರೆಸುವ ಬಟ್ಟೆ ತಂದು, ಅವಳು ನಿಂತಿರುವಂತೆಯೇ ಅವಳ ಹೆಜ್ಜೆಗಳನ್ನು ಒರೆಸತೊಡಗಿದಳು.

ಮರುದಿನ ಸೊಸೆ ತನ್ನ ಹೆಸರಿನಲ್ಲೇ ಪುರಸಭೆಗೆ ದೂರು ಕೊಟ್ಟಳು. ಮೇಲಧಿಕಾರಿ ಕೈಚೆಲ್ಲಿದರು. "ಒಂದು ಸಲ ಪಾಸಾದ ಗುಂಡೀನ ಮತ್ತೆ ನೋಡಬೇಕು ಅಂತ ನಿಯಮದಲ್ಲಿಲ್ಲ ಕಣಮ್ಮ. ನೀವೇ ಬರೆದಿದ್ದು."

ಮುಖಕ್ಕೆ ಹೊಡೆದಂತಾಯಿತು. ಆದರೆ ಅವಳು ಸುಮ್ಮನೆ ಕೂರುವ ಜಾತಿಯಲ್ಲ. ನಿಯಮ ರೂಪಿಸಿದ ಸಮಿತಿಯ ಮುಂದೆ ಹೋಗಿ ವಾದ ಮಾಡಿ, ಈ ವರ್ಷ ಕೂಡಲೇ, ಮುಂದೆ ಪ್ರತಿ ಮಳೆಗಾಲಕ್ಕೆ ಮುಂಚೆ ಎಲ್ಲ ಗುಂಡಿಗಳನ್ನೂ ತೆರೆಸಿ ನೋಡಬೇಕು, ಮುಚ್ಚಿದ್ದರೆ ಒಡೆಸಬೇಕು ಎಂಬ ತಿದ್ದುಪಡಿ ಮಾಡಿಸಿದಳು.

"ತಮ್ಮನಿಗೆ ನೋಟೀಸು ಹೋಗುತ್ತೆ. ನಾನು ಯಾರ ಮುಂದೆ ತಲೆ ಎತ್ಲಿ?" ಎಂದು ಗಂಡ ಊಟದ ತಟ್ಟೆ ತಳ್ಳಿದ. "ಪಂಪು ತಂದು ಹಾಕ್ತೀನಿ, ಬಿಟ್ಟುಬಿಡು."

"ಪಂಪು ಎತ್ತಿದ ನೀರನ್ನ ಯಾರ ಬಾಗಿಲಿಗೆ ಬಿಡ್ತೀರಿ?"

ಅವನು ಕೈ ತೊಳೆಯಲು ಎದ್ದುಹೋದ.

ಕೂಲಿಯವರು ಬಂದು ಕಾರು ನಿಲ್ಲುವ ನೆಲ ಒಡೆದ ದಿನ ಅತ್ತೆ ಗೇಟಿನ ಬಳಿ ನಿಂತು ಬೀದಿಗೆಲ್ಲ ಕೇಳುವಂತೆ ಹೇಳಿದರು: "ನನ್ನ ಮಗನ ಮನೆ ಒಡೆಸೋಕೆ ಕಾನೂನನ್ನೇ ಬರೆದಳು ಮಹಾತಾಯಿ."

"ನಿಮ್ಮ ಮಂಚ ನೆನೀಬಾರದು ಅಂತ, ಅತ್ತೆ."

"ನಿನ್ನ ಉಪಕಾರ ಬೇಡ."

ಸಂಜೆಯೊಳಗೆ ಅತ್ತೆ ಚಿಕ್ಕ ಮಗನ ಮನೆಗೆ ಹೊರಟುಹೋದರು. ಮಂಚ ಸಾಗಿಸಿದವನು ಅವಳ ಗಂಡನೇ.

ಮುಂದಿನ ಮಳೆಯಲ್ಲಿ ಮೈದುನನ ಗುಂಡಿ ತುಂಬಿತು. ಗೋಡೆಯ ಈಚೆ ಹನಿಯೂ ಬರಲಿಲ್ಲ. ಅತ್ತೆಯ ಕೋಣೆಯಲ್ಲಿ ನೆಲ ಒಣಗಿಯೇ ಇತ್ತು, ಮಲಗುವವರು ಇರಲಿಲ್ಲ. ಅವಳಿಗೆ ನೋವಾಯಿತು, ಪಶ್ಚಾತ್ತಾಪವಾಗಲಿಲ್ಲ. ಅಷ್ಟರಲ್ಲಿ ಸುದ್ದಿ ಊರೆಲ್ಲ ಹಬ್ಬಿ ಅವಳಿಗೆ 'ಗುಂಡಿ ಮೇಡಂ' ಎಂದು ಹೆಸರು ಬಿದ್ದಿತ್ತು.

ಆ ವಾರ ಗುಂಡಿ ತಪಾಸಣೆಗೆ ಹಿಂದಿನ ಬೀದಿಯ ಸರದಿ. ಮೊದಲ ಮನೆಯ ಯಜಮಾನಿ ಅವಳನ್ನು ಕಂಡವಳೇ, "ಸ್ವಂತ ಮೈದುನನ್ನೇ ಬಿಡದವಳು ನಮ್ಮನ್ನ ಬಿಡ್ತಾಳಾ" ಎಂದು ಒಳಗಿನವರಿಗೆ ಹೇಳಿ ಬಾಗಿಲು ಹಾಕಿಕೊಂಡಳು.

ಅವಳು ಕೊಡೆ ಮಡಚಿ, ಮತ್ತೆ ಗಂಟೆ ಒತ್ತಿದಳು.