ಅಪ್ಪ ಎರಡು ಸಲ ಹೇಳಿದರು

1964ನೇ ಇಸವಿ ನವೆಂಬರ್ ಹನ್ನೆರಡು, ಗುರುವಾರ, ಮಧ್ಯಾಹ್ನ ಎರಡು ಗಂಟೆ ಹತ್ತು ನಿಮಿಷ, ಹಳೇಬೀಡಿನ ಕೆರೆಯ ಪಕ್ಕ ಬಸ್ಸು ಹೊರಳಿದಾಗ ನೀರಿನ ಬೆಳಕು ಚಾವಣಿಗೆ ಬಡಿದು ಹೋಯಿತು, ಒಂದೇ ಸಲ, ಬೆಳಕು ಯಾವುದನ್ನೂ ಎರಡು ಸಲ ಹೇಳುವುದಿಲ್ಲ — ಮುಂದಿನ ಸೀಟಿನಲ್ಲಿ ಡಾಕ್ಟರ್ ಷಡಕ್ಷರಪ್ಪನವರ ತಲೆ ತೂಗುತ್ತಿದೆ, ನಿದ್ದೆಯೋ ಲೆಕ್ಕವೋ ತಿಳಿಯದು, ಅರಸೀಕೆರೆ ಮುಟ್ಟುವುದರೊಳಗೆ ಬೇಲೂರಿನ ಮೊತ್ತ ಬೇಕು ರಮಾಮಣಿ, ರಾತ್ರಿ ರೈಲಿಗೆ ನಾನು ಹೊರಡಬೇಕು ಎಂದಿದ್ದಾರೆ, ಮೊತ್ತ ನನ್ನ ಮಡಿಲಿನ ಚೀಲದಲ್ಲಿದೆ, ಬರೆಯದೆ ಉಳಿದಿರುವುದು ಅಪ್ಪನ ಹೆಸರಿನ ಮುಂದಿನ ಒಂದು ಜಾಗ. ಸರ್ಕಾರದ ಸಮೀಕ್ಷೆ, ಅರವತ್ತು ದಾಟಿದವರಲ್ಲಿ ಅರಳುಮರಳು ಯಾವ ಜನದಲ್ಲಿ ಎಷ್ಟು, ಬೇಲೂರಿನ ದೇವಸ್ಥಾನದ ಮನೆಗಳಲ್ಲಿ ಎಷ್ಟು, ಗಂಡಸಿಯ ಒಕ್ಕಲು ಮನೆಗಳಲ್ಲಿ ಎಷ್ಟು, ಅರೇಹಳ್ಳಿಯ ಕಾಫಿ ತೋಟದ ಕೂಲಿಗಳಲ್ಲಿ ಎಷ್ಟು, ಎಲ್ಲರಿಗೂ ಅದೇ ಹತ್ತು ಪ್ರಶ್ನೆ, ಅದೇ ಕ್ರಮ, ಒಂದೂ ಹಿಂದೆಮುಂದೆ ಆಗಕೂಡದು, ಅಳತೆಗೋಲು ಬದಲಾದರೆ ಅಳೆದದ್ದು ಸುಳ್ಳು — ಕಾಲೇಜಿನ ಪ್ರಯೋಗಶಾಲೆಯಲ್ಲಿ ಮೂರು ವರ್ಷ ಕಲಿತದ್ದು ಇದನ್ನೇ, ನಂಬಿದ್ದೂ ಇದನ್ನೇ, ಅಳತೆಗೋಲು ಸರಿಯಿದ್ದೂ ಅಳೆಯುವ ವಸ್ತುವನ್ನೇ ಯಾರಾದರೂ ತಿದ್ದಿಟ್ಟರೆ ಏನು ಮಾಡಬೇಕೆಂದು ಅಲ್ಲಿ ಯಾರೂ ಹೇಳಿಕೊಡಲಿಲ್ಲ.

ಗಂಡಸಿಯಲ್ಲಿ ಯಾರೂ ಏನೂ ತಿದ್ದಿರಲಿಲ್ಲ, ಜಗುಲಿಯ ಮೇಲೆ ಹುಚ್ಚಮ್ಮ ಕಾಲು ಚಾಚಿ ಕೂತಿದ್ದಳು, ಸೊಸೆ ವೆಂಕಟಲಕ್ಷ್ಮಮ್ಮ ಮೊರ ಕೆಳಗಿಟ್ಟು, ನಮ್ಮತ್ತೆಗೆ ಏನೂ ಗ್ಯಾನ ಇಲ್ಲ ಕಣ್ರವ್ವಾ, ನನ್ನೇ ಅವ್ವ ಅಂತಾಳೆ, ಉಂಡು ಕೈ ತೊಳ್ಕೊಂಡು ಇನ್ನೊಂದ್ಸಲ ಮುದ್ದೆ ಕೇಳ್ತಾಳೆ, ಬರ್ಕೊಳಿ ಬರ್ಕೊಳಿ, ಹುಚ್ಚಮ್ಮ ಗೋಡೆಗೆ ಹೇಳುವಂತೆ, ಇವ್ಳು ಇಕ್ಕಿದ್ರೆ ತಾನೆ ನೆಪ್ಪಿರಾದು — ಜಗುಲಿಯೆಲ್ಲ ನಕ್ಕಿತು, ನಾನೂ ನಕ್ಕೆ, ಹತ್ತಕ್ಕೆ ಎರಡು ಬರೆದುಕೊಂಡೆ, ಅವಳು ಲೆಕ್ಕಕ್ಕೆ ಸೇರಿದಳು. ಅಂದು ಬಸ್ಸಿನಲ್ಲಿ ನೆನಪಾದದ್ದು ಅಪ್ಪ, ಮೂರು ತಿಂಗಳಿಂದ ನನ್ನನ್ನು ಹೆಸರಿಟ್ಟು ಕರೆಯದ ಅಪ್ಪ, ನಾನು ಬಾಗಿಲಿಗೆ ಬಂದರೆ ಯಾವ ಊರಿನವರಮ್ಮ, ಕೈ ನೀಡಿ ತೀರ್ಥ ತಗೊಳ್ಳಿ ಎಂದು ಬರಿ ಉದ್ಧರಣೆಯನ್ನು ನನ್ನ ಅಂಗೈ ಮೇಲೆ ಬಗ್ಗಿಸುವ ಅಪ್ಪ, ನಾನು ನೀರಿಲ್ಲದ ಅಂಗೈಯನ್ನು ತುಟಿಗೆ ಮುಟ್ಟಿಸಿ ಕಣ್ಣಿಗೊತ್ತಿಕೊಳ್ಳುತ್ತೇನೆ, ಇನ್ನೇನು ಮಾಡಲಿ. ಡಾಕ್ಟರಿಗೆ ನಾನೇ ಹೇಳಿದೆ, ನಮ್ಮ ಮನೆಯಲ್ಲೂ ಒಬ್ಬರಿದ್ದಾರೆ ಸರ್, ನಾಚಿಕೆಪಡದೆ ಹೇಳಿದೆ, ಹುಚ್ಚಮ್ಮನ ಸೊಸೆ ಹೇಳಿದ ಹಾಗೆ, ಅವರು ಒಳ್ಳೆಯದಾಯಿತಮ್ಮ, ಆದರೆ ನಿಮ್ಮ ತಂದೆಯನ್ನು ನೀವೇ ಕೇಳಬಾರದು, ಹನ್ನೆರಡನೇ ತಾರೀಖು ಗುರುವಾರ ನಾನೇ ಬರ್ತೀನಿ ಎಂದರು, ಅದನ್ನು ಅಣ್ಣನಿಗೂ ಹೇಳಿದೆ. ಅನಂತಸ್ವಾಮಿ, ನನ್ನ ಒಬ್ಬನೇ ಅಣ್ಣ, ಕೆಲಸ ಸಿಕ್ಕ ಹೊಸದರಲ್ಲಿ ಪ್ರಶ್ನೆ ಕೇಳುವುದು ನನಗೆ ಅಭ್ಯಾಸವಾಗಲೆಂದು ತಾನೇ ಮುದುಕನಾಗಿ ಗೋಡೆಗೊರಗಿ ಕೂತವನು, ಇಪ್ಪತ್ತರಲ್ಲಿ ಮೂರು ಹೋದರೆ ಎಷ್ಟು ಎಂದರೆ, ಕೊಡೋ ಕೈ ನೋಡ್ಬೇಕಮ್ಮ ಎಂದು ಬೊಚ್ಚು ಬಾಯಿ ಮಾಡಿ ಅತ್ತಿಗೆಯನ್ನು ನಗಿಸಿದವನು, ಎಷ್ಟು ಸಂಜೆ, ಹತ್ತೂ ಪ್ರಶ್ನೆ, ಅದೇ ಕ್ರಮದಲ್ಲಿ.

ಇವತ್ತು ಬೆಳಿಗ್ಗೆ ನಡುಮನೆಯಲ್ಲಿ ಅಪ್ಪ ಒಗೆದ ಪಂಚೆ, ತಿದ್ದಿದ ನಾಮ, ಗುರುತು ಹಾಕಲು ಅಪ್ಪನ ಪಕ್ಕ ನಾನು, ಡಾಕ್ಟರು ಕುರ್ಚಿಯಲ್ಲಿ, ಅವರ ಬೆನ್ನ ಹಿಂದೆ ಕಂಬಕ್ಕೊರಗಿ ಅಣ್ಣ, ಇವತ್ತು ಯಾವ ವಾರ ಸ್ವಾಮಿ, ಗುರುವಾರ, ಗುರುವಾರ, ಇದು ಯಾವ ಊರು, ಬೇಲೂರು, ಬೇಲೂರು, ಅಪ್ಪನ ಗಂಟಲು ಎಷ್ಟು ತಿಳಿಯಾಗಿತ್ತು, ವಾಸಿಯಾಗಿಬಿಟ್ಟರೇ, ಹಾಗೂ ಆಗುವುದುಂಟೇ — ಏಳನೆಯದು, ಇವರು ಯಾರು, ಡಾಕ್ಟರ ಬೆರಳು ನನ್ನ ಕಡೆ, ಅಪ್ಪ ನನ್ನನ್ನು ನೋಡಿ, ನನ್ನ ಮಗಳು ರಮಾಮಣಿ — ಆ ಕ್ಷಣ ನನ್ನೊಳಗೆ ಏನಾಯಿತೆಂದು ಯಾವ ತಕ್ಕಡಿಯೂ ತೂಗಲಾರದು, ಮೂರು ತಿಂಗಳ ಮೇಲೆ ನನ್ನ ಹೆಸರು, ಅಪ್ಪಾ ಎನ್ನಲು ಬಾಯಿ ತೆರೆದೆ, ಅಷ್ಟರಲ್ಲಿ ಎರಡನೆಯದು ಬಂತು, ನನ್ನ ಮಗಳು ರಮಾಮಣಿ, ಅದೇ ಸ್ವರ, ಅದೇ ಇಳಿತ, ಕಂಬದ ಬಳಿ ಅಣ್ಣನ ತೋರುಬೆರಳು ಮೆಲ್ಲಗೆ ಕೆಳಗಿಳಿಯಿತು. ನಮ್ಮ ದೇವಸ್ಥಾನದ ಬೀದಿಯಲ್ಲಿ ಮಂತ್ರಪಾಠ ಹೇಳುವುದು ಹೀಗೇ, ಅದಕ್ಕೆ ಸಂಥೆ ಎನ್ನುತ್ತಾರೆ, ಗುರು ಒಂದು ಸಲ ಹೇಳಿ ಬೆರಳೆತ್ತಿದರೆ ಶಿಷ್ಯ ಎರಡು ಸಲ ಹೇಳಬೇಕು, ನಲವತ್ತು ವರ್ಷ ಅಪ್ಪ ಬೆರಳೆತ್ತಿದರು, ಈಗ ಅಣ್ಣ ಎತ್ತಿದ್ದಾನೆ, ಮಗಳನ್ನು ಮರೆತ ತಲೆಯೊಳಗೆ ಎರಡು ಸಲ ಹೇಳುವ ಅಭ್ಯಾಸ ಮಾತ್ರ ಕೆಡದೆ ಉಳಿದಿದೆ, ನಾನು ದಿನವಿಡೀ ಬೇರೆ ಊರು ಸುತ್ತುವಾಗ ಅಣ್ಣ ಅಲ್ಲಿಗೇ ಕೈ ಹಾಕಿದ್ದಾನೆ, ನನ್ನ ಹೆಸರನ್ನೂ ಒಂದು ಪಾಠ ಮಾಡಿದ್ದಾನೆ. ಡಾಕ್ಟರು, ಎಷ್ಟು ಗಟ್ಟಿಯಾಗಿ ಒತ್ತಿ ಒತ್ತಿ ಹೇಳ್ತಾರೆ ನೋಡಿ, ಮಂತ್ರಪಾಠ ಮಾಡಿದ ಬುದ್ಧಿ ಕೆಡೋದಿಲ್ಲಮ್ಮ, ಮನೆಯವರ ವಿಷಯದಲ್ಲಿ ನಮ್ಮ ಕಣ್ಣೇ ನಮಗೆ ಮೋಸ ಮಾಡತ್ತೆ ಎಂದರು. ಆಗ ಒಂದೊಂದೇ ಹೊಳೆಯಿತು, ನಮ್ಮದೇ ಬೀದಿಯಲ್ಲಿ ನಾನು ಪ್ರಶ್ನೆ ಕೇಳಿ ಬಂದ ಗೋಪಾಲಸ್ವಾಮಿ ಮಾವನ ಮನೆಯಲ್ಲೂ ಎರಡು ಸಲ, ಕಾಂತಮ್ಮನ ಯಜಮಾನರೂ ಎರಡು ಸಲ, ಬೀದಿಯ ವಾಡಿಕೆ ಎಂದುಕೊಂಡು ಸರಿ ಗುರುತು ಹಾಕುತ್ತ ಹೋದವಳು ನಾನು, ಮನೆಮನೆಗೂ ನನಗಿಂತ ಮುಂಚೆ ಅಣ್ಣ ಹೋಗಿದ್ದಾನೆ.

ಹಿತ್ತಲಲ್ಲಿ ಕೇಳಿದೆ, ಯಾಕಣ್ಣ, ಅವನು ಬಾವಿಯ ಹಗ್ಗ ಸುತ್ತುತ್ತ, ಮನೇಲಿ ಬುದ್ಧಿ ಕೆಟ್ಟಿದೆ ಅಂತ ಸರ್ಕಾರದ ಕಾಗದದಲ್ಲಿ ಬಂದ್ರೆ ನನ್ನ ಚೆಲುವಾಂಬನ್ನ ಯಾರೇ ಮಾಡ್ಕೋತಾರೆ, ಅವಳ ಜಾತಕ ಹೋಗಿರೋ ಮನೆಗೆ ಇದು ತಿಳಿಯೋದು ಎಷ್ಟು ಹೊತ್ತು, ಬೀದೀಲಿ ಎಲ್ಲರ ಮನೇಲೂ ಮದುವೆಗಿರೋ ಹೆಣ್ಣಿದೆ, ನಿನಗೆ ನಂಬರು ಬೇಕು, ನನಗೆ ಮಗಳ ಮದುವೆ ಆಗ್ಬೇಕು, ಯಾರ ಗಂಟು ಹೋಯ್ತು ರಮಾ — ನನ್ನ ಅಪ್ಪನೇ ಹೋದರು ಅಣ್ಣ, ಕಾಯಿಲೆ ಎಂದು ಬರೆಯುವಷ್ಟಾದರೂ ನನಗಿದ್ದ ಅಪ್ಪ. ಡಾಕ್ಟರು ಕೈ ತೊಳೆಯಲು ಹೋಗಿದ್ದರು, ನಾನು ಒಳಗೆ ಬಂದು ಅಪ್ಪನ ಮುಂದೆ ಮಂಡಿಯೂರಿದೆ, ಹತ್ತೂ ಪ್ರಶ್ನೆ ಮುಗಿದಿದ್ದವು, ಕ್ರಮದಲ್ಲಿ ಮತ್ತೆ ಮೊದಲನೆಯದೇ ಬರಬೇಕು, ಅದು ಹೊಳೆಯದೆ ಕೇಳಿದೆ, ಅಪ್ಪ, ನಾನು ಯಾರು, ಅವರು ನೆಟ್ಟಗೆ ಕೂತರು, ಒಳ್ಳೆಯ ಶಿಷ್ಯನ ಹಾಗೆ ಮುಖ ಅರಳಿತು, ಗುರುವಾರ, ಗುರುವಾರ.

ಜಾವಗಲ್ಲು, ಬಸ್ಸು ನಿಂತಿದೆ, ಯಾರೋ ಕೊಬ್ಬರಿ ಚೀಲ ಹತ್ತಿಸುತ್ತಿದ್ದಾರೆ, ಡಾಕ್ಟರಿಗೆ ಎಚ್ಚರವಾಗಿ ಹಿಂದೆ ತಿರುಗಿದರು, ಬರ್ದ್ರಾ ರಮಾಮಣಿ, ನಿಮ್ಮ ತಂದೆಯವರದ್ದು, ಈಗ ಹೇಳಬಹುದು, ಸುಳ್ಳು ಸರ್, ಇಡೀ ಬೀದಿ ಸುಳ್ಳು ಸರ್, ಹುಚ್ಚಮ್ಮನೊಬ್ಬಳೇ ನಿಜ, ಪೆನ್ಸಿಲು ಕಾಗದಕ್ಕೆ ತಾಗಿದೆ, ಚೆಲುವಾಂಬ ಹಸೆಮಣೆಯ ಮೇಲೆ, ಕಂಬದ ಬಳಿ ಬೆರಳು ಏಳುತ್ತಿದೆ, ನನ್ನ ಮಗಳು ರಮಾಮಣಿ, ಬೆರಳು, ನನ್ನ ಮಗಳು ರಮಾಮಣಿ, ಬೆರಳು ಅಲ್ಲೇ ನಿಂತಿದೆ, ಇಳಿಯುತ್ತಿಲ್ಲ, ಎಷ್ಟಮ್ಮ ಎನ್ನುತ್ತಿದ್ದಾರೆ, ನನ್ನ ಬಾಯಿ ಹೇಳಿತು —

ಹತ್ತಕ್ಕೆ ಹತ್ತು, ಹತ್ತಕ್ಕೆ ಹತ್ತು.