ದುರ್ಗಾ ಸಾಧಿಸಿದ ಸೊನ್ನೆ

ಶಲವಡಿಯ ದುರ್ಗಾ ನಡೆದರೆ ಜೊತೆಗಿದ್ದವರು ಓಡಬೇಕು. ಮಾತಾಡಿದರೆ ಕೇಳುವವರಿಗೆ ಏದುಸಿರು. ಆಕೆಯ ಕಥೆಗಳೆಲ್ಲ ನಡುವಿನಿಂದಲೇ ಹುಟ್ಟುತ್ತಿದ್ದವು: "ಅಂವ ಬಂದ, ಅದನ್ನ ಒಯ್ದ, ಈಕಿ ಅತ್ಲು." ಯಾರು, ಏನನ್ನು, ಯಾಕೆ? ತನ್ನ ಮನೆಮಂದಿಗೆ ಗೊತ್ತಿದ್ದದ್ದು ಸಕಲ ಲೋಕಕ್ಕೂ ಗೊತ್ತಿದೆಯೆಂದು ನಂಬಿದ ಉದಾರ ಜೀವ ಅದು.

ಮುಂದೆ ಎಂ.ಎಸ್ಸಿ. ಮಾಡುವ ಆಸೆ ಹೊತ್ತು ನವಲಗುಂದದಲ್ಲಿ ಬಿ.ಎಸ್ಸಿ. ಓದುವಾಗ ಆ ಔದಾರ್ಯವೇ ಮುಳುವಾಯಿತು. ಎರಡು ಬೆಸ ಸಂಖ್ಯೆಗಳನ್ನು ಕೂಡಿದರೆ ಸಮಸಂಖ್ಯೆಯೇ ಬರುತ್ತದೆಂದು ಸಾಧಿಸಬೇಕಿತ್ತು. ದುರ್ಗಾ ಎರಡಕ್ಕೂ 2k+1 ಎಂದೇ ಬರೆದು, ಕೂಡಿಸಿ, ಗೆದ್ದವಳಂತೆ ಕುಳಿತಳು. ಗಣಿತದ ಬೀರೇಶ ಸರ್ ಹಾಳೆಯನ್ನು ಎತ್ತಿ ಹಿಡಿದರು.

"ಯಾರವ್ವಾ ಈ k? ಯಾವೂರಾಂವ? ಇಬ್ಬರಿಗೂ ಒಂದ ಹೆಸರಿಟ್ಟು ಅದಕ್ಕ ಅದನ್ನ, ಅಂದ್ರ ಮೂರಕ್ಕ ಮೂರು ಕೂಡಿಸಿದಿ. ಮೂರಕ್ಕ ಐದು ಕೂಡಿಸವ್ರು ಎಲ್ಲಿಗೆ ಹೋಗಬೇಕು?"

"ನಮ್ಮನ್ಯಾಗ ಇಬ್ರು ಯಲ್ಲಪ್ಪ ಅದಾರ್ರಿ ಸರ್, ಇಬ್ರಿಗೂ ಅಜ್ಜನ ಹೆಸರು. ಯಾರಿಗೂ ಗೊಂದಲ ಆಗಂಗಿಲ್ರಿ."

"ಇದನ್ನ ಓದಾಂವ ನಿಮ್ಮನಿ ಅಳಿಯನೇನು?" ತರಗತಿ ಗೊಳ್ಳೆಂದಿತು. "ಮುಂದಿನ ಸೆಮಿನಾರಿನ್ಯಾಗ ನಾ ಕೊಟ್ಟದ್ದನ್ನ ನೆಟ್ಟಗ ಸಾಧಿಸಿದ್ರ ನಿನ್ನ ಎಂ.ಎಸ್ಸಿ. ಮಾತು ಆಡೂಣು. ಇಲ್ಲಾಂದ್ರ ಗಣಿತ ಬಿಡು."

ಬಿಡುವ ಕುಳವೇ ಅದು? ಜಮಖಾನೆ ನೇಯುವ ಮನೆಯ ಗೆಳತಿ, ಇತಿಹಾಸ ಓದುವ ರೇಷ್ಮಾಬಿಯನ್ನು ದಿನವೂ ಎದುರು ಕೂರಿಸಿಕೊಂಡು ತಾನು ಬರೆದ ಗಣಿತದ ಸಾಧನೆಗಳನ್ನು, ಅಂದರೆ ಪ್ರೂಫುಗಳನ್ನು, ಓದಿ ಹೇಳತೊಡಗಿದಳು. ಗಣಿತದ ಗಂಧವಿಲ್ಲದ ರೇಷ್ಮಾಬಿ ಸಾಲುಸಾಲಿಗೂ ಅಡ್ಡಗಾಲು ಹಾಕುತ್ತಿದ್ದಳು.

"ಯಾರ ಬೇ ಈ x? ಈಗ ತನಕ ಇದ್ದಿದ್ದಿಲ್ಲ!"

ದುರ್ಗಾ ಸಿಡುಕುತ್ತಿದ್ದಳು, ಅಳಿಸುತ್ತಿದ್ದಳು, ಮತ್ತೆ ಬರೆಯುತ್ತಿದ್ದಳು. ಪುಸ್ತಕದಲ್ಲಿ ಒಣಗಿ ಬಿದ್ದಿದ್ದ ‘ಲೆಟ್’, ‘ಸಪೋಸ್’, ‘ಹೆನ್ಸ್’ ಎಂಬ ಪದಗಳಿಗೆ ಹೀಗೆ ಜೀವ ಬಂತು: ಒಂದು ಹೊಸಬರನ್ನು ಪರಿಚಯಿಸುತ್ತದೆ, ಒಂದು ಸ್ವಲ್ಪ ಹೊತ್ತು ಒಪ್ಪಿಕೊಳ್ಳೆನ್ನುತ್ತದೆ, ಇನ್ನೊಂದು ಹಿಂದಿನ ಸಾಲಿಗೆ ಋಣಿಯಾಗಿರುತ್ತದೆ.

ಸೆಮಿನಾರಿನ ದಿನ ಬಂತು. ಯಾವ ಸಂಖ್ಯೆಗೆ ಕೂಡಿಸಿದರೂ ಅದನ್ನು ಬದಲಿಸದ ಸೊನ್ನೆಯಂಥದ್ದು ಒಂದೇ ಎಂದು ಸಾಧಿಸಬೇಕು. ದುರ್ಗಾ ಸಾವಕಾಶವಾಗಿ ಆರಂಭಿಸಿದಳು. "ಇಂಥವು ಎರಡದಾವ ಅಂತ ತಿಳ್ಕೊಳ್ಳೂಣ್ರಿ. ಒಂದರ ಹೆಸರು a, ಇನ್ನೊಂದರ ಹೆಸರು b."

"ಒಂದ ಅಂತ ಹೇಳಾಕ ಬಂದು ಎರಡು ಅಂತೀಯಲ್ಲ!" ಸರ್ ಕೆಣಕಿದರು.

"ತಡೀರಿ ಸರ್, ಅಲ್ಲಿಗೇ ಕರ್ಕೊಂಡು ಹೊಂಟೇನ್ರಿ. ಎರಡನ್ನೂ ಕೂಡಿಸ್ರಿ. b ಯಾರನ್ನೂ ಬದಲ ಮಾಡಂಗಿಲ್ಲ, ಅದಕ್ಕ ಉತ್ತರ a. ಹಂಗ a-ನೂ ಯಾರನ್ನೂ ಬದಲ ಮಾಡಂಗಿಲ್ಲ, ಅದಕ್ಕ ಉತ್ತರ b. ಮೊತ್ತ ಒಂದ ಐತಿ. ಹಂಗಾರ a, b ಎರಡೂ ಒಂದ!"

"ಹಾಕ್ರಲೇ ಚಪ್ಪಾಳಿ!" ಹಿಂದಿನ ಬೆಂಚಿನಿಂದ ಮಾಂತೇಶ ಕೂಗಿದ, ಬೆಂಚುಗಳು ಡೊಳ್ಳಾದವು. ಬೀರೇಶ ಸರ್ ಕಪ್ಪುಹಲಗೆಯನ್ನು ಮೇಲಿಂದ ಕೆಳಗೆ ಜಾಲಾಡಿದರು, ಬೆರಳಿಡಲು ಸಂದು ಸಿಗಲಿಲ್ಲ. "ಅಗದಿ ಖರೆ ಐತವ್ವಾ," ಎಂದರು. "ಎಂ.ಎಸ್ಸಿ.ಗೆ ತಯಾರಾಗು."

ತಮಗೆ ಹೊಳೆದ ಸತ್ಯವನ್ನು ಗುರುತು ಪರಿಚಯವಿಲ್ಲದ ಸಂಶಯಗಾರನಿಗೂ ತಾಳ್ಮೆಯಿಂದ ಕಾಣಿಸುವ ಸೌಜನ್ಯ ಕಲಿತ ಇಂಥ ಹಠಮಾರಿಗಳು ಯಾರ ಕೃಪೆಯನ್ನೂ ಬೇಡುವುದಿಲ್ಲ. ‘ಬಿಡು’ ಅಂದವರ ಬಾಯಿಂದಲೇ ‘ಹೌದು’ ಅನ್ನಿಸಿ ಮುಂದೆ ಸಾಗುತ್ತಾರೆ.